ಜಾಲಿ ಬೇಲಿಯ ಜೇಡಗಳೂ ಸಣ್ಣವ್ವನ ಕುಡಗೋಲೂ

ಮೂಡಣ ಈಗಷ್ಟೇ ಕೆಂಪೇರುತ್ತಿದೆ. ರಾಶಿ ಮುಗಿದು ಆಳಂದದ ಹತ್ತಿರದ ಕಿಣ್ಣಿ ಸುಲ್ತಾನ ಊರಿನ ತೊಗರಿ ಹೊಲಗಳು ಬೋಳಾಗಿವೆ. ಜಾಲಿಗಂಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ ಪಂಚಶೀಲಾ ಉಸಿರು ಬಿಗಿಹಿಡಿದಿದ್ದಾಳೆ. ಬಲೆಗೆ ಮಿಡತೆ ಬಿದ್ದಿದೆ. ಗೂಡಿನ ತೂತುಗಳಿಂದ ಕಡಲೆಕಾಳಿನಷ್ಟು ದೊಡ್ಡ ಬೂದು ಜೇಡಗಳು ಒಂದೊಂದಾಗಿ ಹೊರಬಂದು, ಒಂದು ಕಾಲು ಹಿಡಿದರೆ ಇನ್ನೊಂದು ರೆಕ್ಕೆ ಹಿಡಿದು, ಕೂಡಿಯೇ ಅದನ್ನು ಒಳಗೆಳೆಯುತ್ತವೆ.

"ನೋಡ್ರಿ, ಜಗಳಿಲ್ಲ, ತಂಟಿಲ್ಲ," ಎಂದು ಪಿಸುಗುಡುತ್ತಾಳೆ. "ಮನಷ್ಯಾರು ಇಷ್ಟು ಮಂದಿ ಒಂದ ಕೋಣ್ಯಾಗ ಇದ್ದು ತೋರಸಲಿ!"

ಜೇಡ ನೋಡುವುದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರಿಗೆ ಇಲ್ಲೇನೂ ಬರವಿಲ್ಲ. ಹೊಲದ ಮಾಲೀಕ ಖಾದರಸಾಬರೇ ಮೊದಲ ದಿನ, "ಅಯ್ಯ ಬೇಟಿ, ನಮ್ಮ ಮನಿಗೆ ಬಾ, ಮೂಲಿ ಮೂಲಿಗೂ ಅದಾವ," ಎಂದು ನಕ್ಕಿದ್ದರಂತೆ. ಈಗ ಅವರೇ ಬೆಳಗಾದರೆ ಚಹಾ ಕಳಿಸುತ್ತಾರೆ. ಪಂಚಶೀಲಾ ಪ್ರಾಣಿಗಳ ನಡವಳಿಕೆಯ ಸಂಶೋಧಕಿ. ಸಾಮಾನ್ಯ ಜೇಡಗಳು ಒಂಟಿ ಬದುಕಿನವು, ಎದುರಾದರೆ ಒಂದನ್ನೊಂದು ತಿಂದುಬಿಡುವ ಪೈಕಿ. ಈ ಜಾತಿಯವು ಮಾತ್ರ ಒಂದೇ ಗೂಡಲ್ಲಿ ಹಿಂಡಾಗಿ ಬಾಳುತ್ತವೆ. ಮೊಟ್ಟೆ ಇಡುವವು ಕೆಲವೇ. ಇಡದವೂ ಮರಿಗಳಿಗೆ ಗುಟುಕು ಕೊಡುತ್ತವೆ, ಕಡೆಗೆ ತಮ್ಮ ಮೈಯನ್ನೇ ತಿನ್ನಲು ಬಿಟ್ಟುಕೊಡುತ್ತವೆ. ತಾನು ಹೆರದ ಮರಿಗೆ ಇಷ್ಟೆಲ್ಲ ಯಾಕೆ ಕೊಡಬೇಕು? ಪಂಚಶೀಲಾ ಬೆನ್ನುಹತ್ತಿರುವುದು ಈ ಪ್ರಶ್ನೆಯನ್ನು.

ಜೇವರ್ಗಿ ಕಡೆಯ ಹುಡುಗಿ. ಹಡೆದವ್ವ ತೀರಿದಾಗ ಇನ್ನೂ ತೊಡೆಗೂಸು. ಎತ್ತಿಕೊಂಡವಳು ತಾಯಿಯ ತಂಗಿ ಮರೆಮ್ಮ. "ಲಗ್ನ ಮಾಡ್ಕೊಂಡು ಹೋದ್ರ ಈ ಕೂಸಿನ್ನ ಯಾರು ನೋಡ್ತಾರ ಅಂತ ಹಂಗ ಉಳದ್ಲು ನಮ್ಮ ಸಣ್ಣವ್ವ," ಎನ್ನುತ್ತಾಳೆ ಪಂಚಶೀಲಾ. ಮರೆಮ್ಮ ಹವಳಗಾದ ಸುತ್ತ ಕಬ್ಬು ಕಡಿದು ಮಗಳನ್ನು ಓದಿಸಿದಳು. ರಟ್ಟೆ ಸೋತ ಮೇಲೆ ಪಂಚಶೀಲಾ ಅವಳನ್ನು ಆಳಂದದ ತನ್ನ ಬಾಡಿಗೆ ಕೋಣೆಗೆ ಕರೆತಂದಳು. ಏನು ಓದುತ್ತಿ ಎಂದರೆ "ಪ್ರಾಣಿಗಳ ಬಗ್ಗೆ" ಎಂದಿದ್ದಳು. ಮರೆಮ್ಮನಿಗೆ ಪ್ರಾಣಿ ಎಂದರೆ ದನ, ಕುರಿ, ಹೆಚ್ಚೆಂದರೆ ತೋಳ. ಪಂಚಶೀಲಾ ಅವಳನ್ನು ಬೇಲಿಯ ಹತ್ತಿರ ಕರೆತಂದು ಜೇಡಗಳನ್ನು ತೋರಿಸಿದ್ದು ಒಮ್ಮೆಯೂ ಇಲ್ಲ. ಮುಳ್ಳು ಗೀರಿದ ಮಗಳ ಕೈಗಳಿಗೆ ದಿನವೂ ಸಂಜೆ ಎಣ್ಣೆ ಹಚ್ಚುತ್ತಿದ್ದವಳು ಮಾತ್ರ ಅವಳೇ.

ಹೋದ ಬೇಸಿಗೆಯಲ್ಲಿ ಪಂಚಶೀಲಾ ವಿಶ್ವವಿದ್ಯಾಲಯಕ್ಕೆ ಹೋಗಿದ್ದಾಗ ಮರೆಮ್ಮ ಬಸ್ಸು ಹತ್ತಿ, ದಾರಿ ಕೇಳಿಕೊಂಡು ಈ ಹೊಲಕ್ಕೆ ಬಂದಳು. ಖಾದರಸಾಬರು ಆಳಂದದ ಬಜಾರಿಗೆ ಹೋಗಿದ್ದರು. ಮುಳ್ಳು ಕಂಡಿತು, ಬಲೆಯ ಹೊಲಸು ಕಂಡಿತು. ಸೆರಗು ಸಿಕ್ಕಿಸಿ ಕುಡಗೋಲು ಹಿಡಿದಳು. ಸಾಲು ಬೇಲಿಯನ್ನೆಲ್ಲ ಸವರಿ, ಗುಡ್ಡೆ ಹಾಕಿ, ಬೆಂಕಿ ಇಟ್ಟಳು. ಜೇಡಗಳ ಒಂದು ತಲೆಮಾರಿಂದ ಇನ್ನೊಂದಕ್ಕೆ ಪಂಚಶೀಲಾ ನೋಡಿಕೊಂಡು ಬಂದಿದ್ದ ಗೂಡುಗಳೆಲ್ಲ ಬೂದಿ. ಎರಡು ವರ್ಷದ ದುಡಿಮೆ ನೀರುಪಾಲು.

"ನಾ ಬಂದಾಗ ಬೂದಿ ಮುಂದ ನಿಂತಿದ್ಲು. ಮಾರ್ಯಾಗ ಏನು ಖುಷಿ ಅಂತೀರಿ! 'ಇನ್ನ ನಿನಗೊಂದು ಮುಳ್ಳು ಚುಚ್ಚಂಗಿಲ್ಲ ನನ್ನವ್ವ' ಅಂದ್ಲು."

ಪಂಚಶೀಲಾ ಕೂತು ಬೂದಿ ಕೆದಕತೊಡಗಿದಳು. ಸುಟ್ಟದ್ದು ಏನೆಂದು ಮರೆಮ್ಮನಿಗೆ ತಿಳಿಸಿ ಹೇಳಿದವರು ಖಾದರಸಾಬರು. ಅಂದಿನಿಂದ ಒಂದೇ ಕೋಣೆಯಲ್ಲಿ ಇಬ್ಬರೂ ಮಾತಿಲ್ಲದೆ ರೊಟ್ಟಿ ಮುರಿದರು. "ನಾ ಬೈದಿದ್ದರ ಛಲೋ ಇತ್ರಿ," ಎನ್ನುತ್ತಾಳೆ ಪಂಚಶೀಲಾ. "ಅಕಿನೂ ಅಳ್ತಿದ್ಲು, ನಾನೂ ಅಳ್ತಿದ್ದೆ, ಮುಗೀತಿತ್ತು. ನಾ ಸುಮ್ಮನ ಕುಂತೆ."

ಮರೆಮ್ಮ ಸುಮ್ಮನೆ ಕೂರಲಿಲ್ಲ. ಉರಿಬಿಸಿಲಲ್ಲಿ ಊರೂರ ಬೇಲಿ ಅಲೆದಳು. ಎಲ್ಲಿಯೋ ಒಂದು ಗೂಡು ಸಿಕ್ಕಿತು. ಟೊಂಗೆಸಮೇತ ಕೊಯ್ದು, ಸೆರಗಲ್ಲಿ ಮುಚ್ಚಿ ಬಸ್ಸಲ್ಲಿ ತಂದು, ಸೀರೆಯ ಅಂಚು ಹರಿದು ಹೊಲದ ಮೂಲೆಯಲ್ಲಿ ಉಳಿದಿದ್ದ ಜಾಲಿಗಂಟಿಗೆ ಕಟ್ಟಿದಳು. "ನೋಡ ಬೇ, ತಂದೇನಿ" ಎಂದಳು. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಗೂಡು ಸಂಶೋಧನೆಗೆ ಸಲ್ಲುವುದಿಲ್ಲ. ಪಂಚಶೀಲಾ ಅಷ್ಟು ದಿನಗಳ ಮೇಲೆ ಆಡಿದ ಮೊದಲ ಮಾತು ಅದೇ: "ಇದು ಲೆಕ್ಕಕ್ಕ ಬರಂಗಿಲ್ಲ, ಸಣ್ಣವ್ವ."

ಮಳೆಗಾಲದಲ್ಲಿ ಜ್ವರ ಬಂತು. ಮರೆಮ್ಮ ಮೇಲೇಳಲಿಲ್ಲ.

ಈಗ ಪಂಚಶೀಲಾ ಪಕ್ಕದ ಬೇಲಿಯಲ್ಲಿ ಹೊಸ ಗೂಡುಗಳನ್ನು ಹುಡುಕಿಕೊಂಡು ಮೊದಲಿಂದ ಶುರುಮಾಡಿದ್ದಾಳೆ. ಪದವಿ ಯಾವಾಗ ಎಂದರೆ ಕೈ ಅಲ್ಲಾಡಿಸಿಬಿಡುತ್ತಾಳೆ. ಬೇರೇನು ಆಸೆ ಎಂದರೆ ಹೊಲದ ಮೂಲೆಯ ಕಡೆ ನೋಡುತ್ತಾಳೆ.

"ಅಕಿ ಕಟ್ಟಿದ ಗೂಡು ಇವತ್ತೂ ನನ್ನ ಸಂಶೋಧನ್ಯಾಗ ಇಲ್ರಿ. ಆದ್ರೂ ದಿನಾ ಅಲ್ಲಿಗೇ ಮೊದಲು ಹೋಗ್ತೇನಿ. 'ಬದುಕ್ಯಾವ ಸಣ್ಣವ್ವ, ಎಲ್ಲಾ ಬದುಕ್ಯಾವ' ಅಂತ ಹೇಳ್ತೇನಿ. ಅವತ್ತೂ ಬದುಕಿದ್ದುವ್ರಿ. ಅಕಿ ಇದ್ದಾಗ ಹೇಳಬೇಕಿತ್ತು."