ಮಗಳ ಸನ್ನೆಯನ್ನು ಹರಕೆಗೆ ಇಟ್ಟವನು

ಸಪ್ಪಲಮ್ಮ ತಾಯಿಯನ್ನು ನಂಬಿದ ಎಲ್ಲರಿಗೂ ಜಡಿಗೇನಹಳ್ಳಿ ಕಡೆಯ ಮುನಿರಾಜು ಕೈಮುಗಿದು ಬರೆಯುವುದು. ನನ್ನ ಮಗಳು ನಳಿನಾಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಇಪ್ಪತ್ತೆರಡು ತುಂಬಿದರೂ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದಳು. ಸಪ್ಪಲಮ್ಮ ತಾಯಿಯೇ ಅವಳಿಗೊಂದು ಕೆಲಸ ಕೊಡಿಸಿದಳು. ಅದನ್ನು ಬರೆದುಕೊಡು, ದೇವಸ್ಥಾನದ ಪುಸ್ತಕದಲ್ಲಿ ಹಾಕುತ್ತೇವೆ ಎಂದು ಸಮಿತಿಯವರು ಕೇಳಿದ್ದಾರೆ. ಬರೆಯುತ್ತೇನೆ, ಆದರೆ ಪೂರ್ತಿ ಬರೆಯುತ್ತೇನೆ. ಅರ್ಧ ಹಾಕಿ ಅರ್ಧ ಬಿಡುವುದಾದರೆ ಈ ಹಾಳೆಗಳನ್ನು ಒಲೆಗೆ ಹಾಕಿ.

ನಾನು ಹೊಸಕೋಟೆಯ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ಟೊಮೇಟೊ ಬಾಕ್ಸುಗಳ ಮುಂದೆ ನಿಂತು ನಾನು ಬಾಯಿ ಬಿಟ್ಟರೆ ಹೈವೇ ಆಚೆಗೂ ಕೇಳುತ್ತದೆ ಎಂದು ಸ್ನೇಹಿತರು ರೇಗಿಸುತ್ತಾರೆ. ಇಂಥವನ ಮನೆಯಲ್ಲಿ, ಅಪ್ಪ ಕೂಗಿದರೆ ತಿರುಗಿಯೂ ನೋಡದ ಮಗಳು. ನನಗೆ ಅದು ಸಂಕಟಕ್ಕಿಂತ ಹೆಚ್ಚಾಗಿ ಅವಮಾನವಾಗಿತ್ತು. ಸುಳ್ಳೇಕೆ ಹೇಳಲಿ.

ಹತ್ತನೇ ಕ್ಲಾಸಿನ ತನಕ ಅವಳು ಬೆಂಗಳೂರಿನಲ್ಲಿ ಕಿವಿ ಕೇಳದ ಮಕ್ಕಳ ಹಾಸ್ಟೆಲ್ ಶಾಲೆಯಲ್ಲಿ ಓದಿದಳು. ಆಮೇಲೆ ಹೊಸಕೋಟೆಯಲ್ಲಿ ಎಲ್ಲರ ಜೊತೆ ಕೂತು, ಬೋರ್ಡು ನೋಡಿಕೊಂಡೇ ಪಿಯುಸಿ ಪಾಸು ಮಾಡಿದಳು. ಹಾಸ್ಟೆಲಿನಲ್ಲಿ ಕಲಿತ ಕೈಸನ್ನೆಯ ಮಾತನ್ನು ರಜೆಗೆ ಬಂದಾಗ ತಾಯಿಗೆ ಕಲಿಸಿದಳು. ನನ್ನ ಹೆಂಡತಿ ಜಯಮ್ಮ ಒಲೆ ಮುಂದೆ ಕೂತು ಮಗಳ ಜೊತೆ ಗಂಟೆಗಟ್ಟಲೆ ಹರಟುತ್ತಿದ್ದಳು, ಇಬ್ಬರೂ ನಗುತ್ತಿದ್ದರು. ನಾನು ಕಲಿಯಲಿಲ್ಲ. ಊಟಕ್ಕೆ ಬಾ, ಬಾಗಿಲು ಹಾಕು, ಇಷ್ಟು ಬರುತ್ತಿತ್ತು. ಬಸ್ ಸ್ಟಾಪಿನಲ್ಲಿ ನಾಲ್ಕು ಜನರ ಮುಂದೆ ಅವಳು ಕೈ ಎತ್ತಿದರೆ ಹಿಡಿದು ಕೆಳಗಿಳಿಸುತ್ತಿದ್ದೆ.

ದೇವನಹಳ್ಳಿಗೆ ವಿಮಾನ ಬಂದು ಏಳೆಂಟು ವರ್ಷವಾಗಿತ್ತು. ನಮ್ಮೂರಿನಿಂದಲೇ ಆ ಕಡೆಗೆ ಕಂಪನಿ ವ್ಯಾನು ಹೊರಡುತ್ತಿತ್ತು. ನಳಿನಾಳ ಜೊತೆ ಓದಿದ ಹುಡುಗಿಯರು ಕೊರಳಿಗೆ ಕಾರ್ಡು ನೇತುಹಾಕಿಕೊಂಡು ಹತ್ತುತ್ತಿದ್ದರು, ಇವಳು ಜಗುಲಿ ಮೇಲೆ ಕೂತು ನೋಡುತ್ತಿದ್ದಳು. ಒಂದು ದಿನ ಪೇಪರಿನ ತುಂಡೊಂದನ್ನು ಕತ್ತರಿಸಿ ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು. ಸರ್ಕಾರದ್ದೇ ಒಂದು ಪೋರ್ಟಲ್ ಇದೆ, ಕೆಲಸ ಬೇಕಾದವರು ಅದರಲ್ಲಿ ಹೆಸರು ಬರೆಸಬೇಕು, ಕೆಲಸ ಕೊಡುವವರೂ ಅಲ್ಲೇ ಹುಡುಕುತ್ತಾರೆ, ಹೊಂದಿಕೆಯಾದರೆ ಫೋನ್ ಬರುತ್ತದೆ ಎಂದು ಅದರಲ್ಲಿತ್ತು.

ಅವಳ ಮಾರ್ಕ್ಸ್ ಕಾರ್ಡು ತೆಗೆದುಕೊಂಡು ನಾನೊಬ್ಬನೇ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯ ಮಂಜುಳಾ ಒಂದೊಂದೇ ಕೇಳಿ ತುಂಬಿಸುತ್ತಾ ಬಂದವಳು ಒಂದು ಕಡೆ ನಿಲ್ಲಿಸಿದಳು.

"ಅಣ್ಣಾ, ವಿಕಲಚೇತನರಾ ಅಂತ ಇಲ್ಲೊಂದು ಕಾಲಂ ಇದೆ. ಹೌದು ಅಂತ ಹಾಕ್ತೀನಿ. ಅಂಥೋರ್ನೇ ಹುಡುಕೋ ಕಂಪನಿಗಳೂ ಇರ್ತವೆ."

"ಇಲ್ಲ ಅಂತ ಹಾಕಮ್ಮಾ."

"ಅಯ್ಯೋ, ನಳಿನಾಗೆ ಕಿವಿ ಕೇಳ್ಸಲ್ವಲ್ಲಣ್ಣಾ. ಊರಿಗೇ ಗೊತ್ತು."

"ಇನ್ನು ನಲ್ವತ್ತೆಂಟು ದಿನಕ್ಕೆ ಕೇಳುಸ್ತದೆ. ತಾಯಿಗೆ ಹರಕೆ ಕಟ್ಕೊಂಡಿದೀನಿ. ಈಗ ಹೌದು ಅಂತ ಬರುಸ್ಬುಟ್ರೆ ತಾಯಿನ ನಂಬ್ಲಿಲ್ಲ ಅಂತ ಆಯ್ತದೆ."

ಅವಳು ನನ್ನ ಮುಖವನ್ನೇ ನೋಡಿ, ಇಲ್ಲ ಎಂದು ಹಾಕಿದಳು. ಮಾತಾಡಲು ಬರುವ ಭಾಷೆಗಳು ಎಂದಿದ್ದ ಕಡೆ ಕನ್ನಡ, ತೆಲುಗು ಎರಡೂ ಹಾಕಿಸಿದೆ. ಫೋನ್ ನಂಬರು ನನ್ನದು ಕೊಟ್ಟೆ.

ಹರಕೆ ಹೊತ್ತವರು ಏನಾದರೊಂದು ಬಿಡುತ್ತಾರೆ. ಒಬ್ಬರು ಬಾಡೂಟ ಬಿಡುತ್ತಾರೆ, ಒಬ್ಬರು ಕಾಲಿಗೆ ಚಪ್ಪಲಿ ಹಾಕುವುದಿಲ್ಲ, ಒಬ್ಬರು ಗಡ್ಡ ತೆಗೆಯುವುದಿಲ್ಲ. ನಾನು ಸನ್ನೆ ಬಿಟ್ಟೆ. ನಲವತ್ತೆಂಟು ದಿನ ಮನೆಯಲ್ಲಿ ಯಾರೂ ನಳಿನಾಗೆ ಸನ್ನೆ ಮಾಡಕೂಡದು, ಅವಳು ಮಾಡಿದರೆ ನೋಡಕೂಡದು, ಬರೆದು ತೋರಿಸುವುದೂ ಬೇಡ. ಕೈ ಇರುವ ತನಕ ಕಿವಿ ಯಾಕೆ ಕೆಲಸ ಮಾಡುತ್ತದೆ ಎಂಬುದು ನನ್ನ ಮಹಾ ಬುದ್ಧಿವಂತಿಕೆ. ಕಿವಿ ತೆರೆದ ದಿನ ಹುಂಡಿಗೆ ಹಾಕಲೆಂದು ಒಂದು ಜೊತೆ ಬೆಳ್ಳಿಯ ಕಿವಿ ಮಾಡಿಸಿ ದೇವರ ಗೂಡಿನಲ್ಲಿಟ್ಟೆ.

"ಯಾಕೆ ಅಂತ ಅವ್ಳಿಗೆ ಹೇಳ್ಬೇಡ್ವಾ?" ಎಂದಳು ಜಯಮ್ಮ.

"ಹೇಳ್ಬೇಕಾದ್ರೆ ಸನ್ನೆ ಮಾಡ್ಬೇಕಲ್ಲ. ಸುಮ್ನಿರು."

ಮೊದಲ ದಿನ ಬೆಳಿಗ್ಗೆ ನಳಿನಾ ತಾಯಿಯ ಮುಂದೆ ಏನೋ ಕೈಯಾಡಿಸಿದಳು. ಜಯಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಗೋಡೆ ಕಡೆ ತಿರುಗಿದಳು. ತಮಾಷೆ ಇರಬೇಕೆಂದು ಹುಡುಗಿ ನಕ್ಕಳು. ಎರಡನೇ ದಿನ ತಾಯಿಯ ಕೈಗಳನ್ನು ಸೆರಗಿನಿಂದ ಎಳೆದು ತೆಗೆಯಲು ಒದ್ದಾಡಿದಳು. ನಾಲ್ಕನೇ ದಿನ ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ 'ನಾನು ಏನು ತಪ್ಪು ಮಾಡಿದೆ?' ಎಂದು ಬರೆದು ನನಗೆ ಕೊಟ್ಟಳು. ನಾನು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಮಂಡಿಗೆ ಹೋದೆ. ಆ ದಿನ ಎಂದಿನಂತೆ ಹರಾಜು ಕೂಗಿದೆ, ಎಂದಿನಂತೆ ಟೀ ಕುಡಿದೆ.

ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅವಳನ್ನು ದೇವರ ಮುಂದೆ ನಿಲ್ಲಿಸಿ, ಕಿವಿಯ ಹತ್ತಿರ ಬಾಯಿಟ್ಟು, ನನ್ನ ಮಂಡಿಯ ದನಿಯಲ್ಲಿ "ನಳಿನಾ!" ಎಂದು ಕೂಗುತ್ತಿದ್ದೆ. ನನ್ನ ಉಸಿರು ತಾಗಿ ಅವಳು ಬೆಚ್ಚುತ್ತಿದ್ದಳು. ಬೆಚ್ಚಿದ್ದನ್ನೇ ನಾನು ಕೇಳಿಸಿತು ಎಂದುಕೊಳ್ಳುತ್ತಿದ್ದೆ. ಒಂದು ಸಂಜೆ ಅವಳು ಕಣ್ಣು ಮುಚ್ಚಿ ನಿಂತುಬಿಟ್ಟಳು. ಅವಳು ಕಣ್ಣು ಮುಚ್ಚುವುದೆಂದರೆ ನಮ್ಮ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ, ಆಮೇಲೆ ಅವಳಿಗೆ ಏನನ್ನೂ ಹೇಳಲಾಗುವುದಿಲ್ಲ. ನನ್ನ ಮೈಯೆಲ್ಲ ಉರಿಯಿತು. ಕೆನ್ನೆಗೆ ಬಾರಿಸಿ ಕಣ್ಣು ತೆರೆಸಿದೆ. ಓದುತ್ತಿರುವವರೇ, ದೇವರ ದೀಪದ ಮುಂದೆ ನಾನು ಮಾಡಿದ ಕೆಲಸ ಇದು.

ಇಪ್ಪತ್ತು ದಿನವಾಗುವಷ್ಟರಲ್ಲಿ ಅವಳು ಸನ್ನೆ ಮಾಡುವುದನ್ನೇ ಬಿಟ್ಟಳು. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮೂಲೆಯಲ್ಲಿ ಕೂತಿರುತ್ತಿದ್ದಳು. ಹರಕೆ ಫಲ ಕೊಡುತ್ತಿದೆ ಎಂದು ನಾನು ಖುಷಿಪಟ್ಟೆ.

ಇಪ್ಪತ್ತೊಂಬತ್ತನೇ ದಿನ ಅವಳ ಕೈಗಳು ಮತ್ತೆ ಎದ್ದವು. ಹೊಟ್ಟೆ ಮುಟ್ಟಿಕೊಂಡು ತಾಯಿಗೆ ಏನೇನೋ ಹೇಳತೊಡಗಿದಳು. ಜಯಮ್ಮ ನನ್ನ ಕಡೆ ನೋಡಿದಳು.

"ಎಲ್ಲಾ ನೆಪ. ನಿನ್ ಕೈಲಿ ಸನ್ನೆ ಮಾಡ್ಸಕ್ಕೆ ಆಟ ಆಡ್ತಾವ್ಳೆ," ಎಂದೆ ನಾನು.

ಮೂವತ್ತೊಂದನೇ ದಿನ ಅವಳು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕುಸಿದು ಬಿದ್ದಳು. ಮೈ ಕೆಂಡವಾಗಿತ್ತು. ಪಕ್ಕದ ಮನೆಯವರ ತರಕಾರಿ ಟೆಂಪೋದಲ್ಲಿ, ಖಾಲಿ ಕ್ರೇಟುಗಳ ನಡುವೆ ಮಲಗಿಸಿಕೊಂಡು ಹೊಸಕೋಟೆಯ ಆಸ್ಪತ್ರೆಗೆ ಓಡಿದೆವು.

"ಎಷ್ಟು ದಿನದಿಂದ ನೋವು? ವಾಂತಿ ಆಯ್ತಾ? ಮೊದ್ಲು ಎಲ್ಲಿ ಶುರುವಾಯ್ತು?" ಡಾಕ್ಟರು ಒಂದರ ಹಿಂದೊಂದು ಕೇಳಿದರು. ಒಂದೇ ಸೂರಿನ ಕೆಳಗಿದ್ದ ನಮಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಆಗ ಜಯಮ್ಮನ ಕೈಗಳು ಸೆರಗಿನಿಂದ ಹೊರಗೆ ಬಂದವು. ನಳಿನಾ ಆ ಕೈಗಳನ್ನೇ ನೋಡಿ, ಬೆರಳಲ್ಲೇ ಉತ್ತರ ಕೊಟ್ಟಳು.

"ಮೂರು ದಿನ ಆಯ್ತಂತೆ," ಎಂದು ಜಯಮ್ಮ ಡಾಕ್ಟರಿಗೆ ಹೇಳಿದಳು. "ನಿನ್ನೆ ಎರಡು ಸಲ ವಾಂತಿ ಆಯ್ತಂತೆ. ನಮ್ಗೆ ಹೇಳಿದ್ಲಂತೆ."

ಅಪೆಂಡಿಕ್ಸ್ ಒಡೆದಿತ್ತು. ಒಂದು ದಿನ ತಡವಾಗಿದ್ದರೂ ಉಳಿಯುತ್ತಿರಲಿಲ್ಲ ಎಂದರು. ಒಳಗೆ ಆಪರೇಷನ್ ನಡೆಯುತ್ತಿದ್ದಾಗ, ಹೊರಗೆ ಬೆಂಚಿನ ಮೇಲೆ ಕೂತು ನಾನು ಹೆಂಡತಿಗೆ ಹೇಳಿದ ಮಾತು: "ಇನ್ನು ಹದಿನೇಳು ದಿನ ಉಳ್ದಿತ್ತು. ನೀನು ಸನ್ನೆ ಮಾಡಿ ಕೆಡಿಸ್ಬುಟ್ಟೆ." ಜಯಮ್ಮ ಎದ್ದು ಬೇರೆ ಬೆಂಚಿಗೆ ಹೋಗಿ ಕೂತಳು.

ಇಷ್ಟಾದರೂ ನನಗೆ ಬುದ್ಧಿ ಬಂದಿರಲಿಲ್ಲ. ಆಪರೇಷನ್ ಆದ ಮೂರನೇ ದಿನ ವಾರ್ಡಿನಲ್ಲಿ ಕೂತಿದ್ದಾಗ ಫೋನ್ ಬಂತು.

"ನಳಿನಾ ಅವ್ರ ನಂಬರಾ? ಸರ್ಕಾರಿ ಪೋರ್ಟಲ್‌ನಲ್ಲಿ ಅವ್ರ ಹೆಸ್ರು ನೋಡಿದ್ವಿ. ಫೋನ್‌ನಲ್ಲಿ ಕಸ್ಟಮರ್ಸ್ ಹತ್ರ ಮಾತಾಡೋ ಕೆಲಸ, ದೇವನಹಳ್ಳಿ ಹತ್ರ. ಕನ್ನಡ, ತೆಲುಗು ಎರಡೂ ಬರುತ್ತಲ್ವಾ? ಎರಡು ನಿಮಿಷ ಮಾತಾಡ್ಬೋದಾ?" ಎಂದಳು ಒಬ್ಬ ಹೆಣ್ಣುಮಗಳು.

ನನಗೆ ರೋಮಾಂಚನವಾಯಿತು. ಫೋನಿನಲ್ಲಿ ಮಾತಾಡುವ ಕೆಲಸ! ತಾಯಿಯೇ ಕಳಿಸಿದ್ದಾಳೆ, ಇದೇ ಗಳಿಗೆಯಲ್ಲಿ ಕಿವಿ ತೆರೆಯುತ್ತಾಳೆ ಎಂದು ಎದ್ದು, ಫೋನನ್ನು ಮಗಳ ಕಿವಿಗೆ ಒತ್ತಿ ಹಿಡಿದೆ. ಮೂಗಿನಲ್ಲಿ ನಳಿಕೆ, ಕೈಗೆ ಡ್ರಿಪ್. ಅವಳು ತಲೆ ಆ ಕಡೆ ತಿರುಗಿಸಿದಳು. ಇನ್ನೊಂದು ಕೈಯಲ್ಲಿ ತಲೆ ಹಿಡಿದುಕೊಂಡೆ. "ಹಲೋ ಅನ್ನು! ಅನ್ನೇ!" ಎಂದು ಕೂಗಿದೆ. ವಾರ್ಡಿನವರೆಲ್ಲ ಎದ್ದು ಕೂತರು. ಫೋನಿನೊಳಗಿಂದ "ಹಲೋ? ಹಲೋ?" ಎಂದು ಕೇಳುತ್ತಲೇ ಇತ್ತು. ನನ್ನನ್ನು ತಳ್ಳಲು ಹೋಗಿ ಹೊಲಿಗೆ ಎಳೆದಂತಾಗಿ ಅವಳು ಚೀರಿದಳು. ನನ್ನ ಮಗಳು ಫೋನಿನಲ್ಲಿ ಆಡಿದ ಮೊದಲ ಮಾತು ಅದು.

ನರ್ಸಮ್ಮ ಓಡಿಬಂದು ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಸ್ಪೀಕರ್ ಹಾಕಿದರು. "ಮೇಡಂ, ಹುಡುಗಿಗೆ ಕಿವಿ ಕೇಳ್ಸಲ್ಲ. ಆಪರೇಷನ್ ಆಗಿ ಮಲ್ಗಿದಾಳೆ."

"ಅಯ್ಯೋ ದೇವ್ರೇ. ಮತ್ತೆ ಫಾರ್ಮ್‌ನಲ್ಲಿ ಇಲ್ಲ ಅಂತ ಯಾಕೆ ಹಾಕ್ಸಿದ್ರು? ನಮ್ ಪಕ್ಕದ ಬಿಲ್ಡಿಂಗ್‌ನಲ್ಲೇ ವಿಮಾನದ ಕಂಬಳಿ ಒಗೆಯೋ ಲಾಂಡ್ರಿ ಇದೆ. ಕಿವಿ ಕೇಳ್ಸದೋರೇ ಬೇಕು ಅಂತ ಅದೇ ಪೋರ್ಟಲ್‌ನಲ್ಲಿ ಹಾಕಿದಾರೆ, ಜನ ಸಾಕಾಗ್ತಿಲ್ಲ ಅಂತಾರೆ. ಆ ಒಂದು ಕಾಲಂ ಸರಿ ಮಾಡ್ಸಿ, ಅವ್ರಿಗೆ ಇವಳ ಹೆಸ್ರು ಕಾಣುತ್ತೆ."

ನರ್ಸಮ್ಮ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ನಳಿನಾಗೆ ತೋರಿಸಿದರು. ಓದಿ ನನ್ನ ಕಡೆ ನೋಡಿದಳು. ಕ್ಯಾಲೆಂಡರ್ ಹಾಳೆಯಲ್ಲಿ ಬರೆದು ಕೇಳಿದ್ದಕ್ಕೆ ಉತ್ತರ ಅವಳಿಗೆ ಅಲ್ಲಿ ಸಿಕ್ಕಿತ್ತು. ಕಿವಿ ಕೇಳಿಸದಿರುವುದೇ ಅಪ್ಪನ ಕಣ್ಣಿಗೆ ಅವಳು ಮಾಡಿದ ತಪ್ಪು.

ನರ್ಸಮ್ಮನ ಮೊಬೈಲಿನಲ್ಲಿ ಪೋರ್ಟಲ್ ತೆರೆದು, ನನ್ನ ಫೋನಿಗೆ ಬಂದ ಓಟಿಪಿ ನೋಡಿಕೊಂಡು, ಡ್ರಿಪ್ ಇಲ್ಲದ ಕೈಯಿಂದ ಅವಳೇ ಸರಿಮಾಡಿದಳು. ಇಲ್ಲ ಎಂದಿದ್ದನ್ನು ಹೌದು ಮಾಡಿದಳು. ಕೊನೆಯಲ್ಲಿ ನನ್ನ ನಂಬರು ಅಳಿಸಿ ತಾಯಿಯ ನಂಬರು ಹಾಕಿದಳು. ಶಾಲೆಯವರು ಮಾಡಿಸಿಕೊಟ್ಟಿದ್ದ ಸರ್ಟಿಫಿಕೇಟನ್ನು ನಾನು ಟ್ರಂಕಿನ ತಳದಲ್ಲಿ ಬಚ್ಚಿಟ್ಟಿದ್ದೆ, ಜಯಮ್ಮ ಅದನ್ನು ತಂದುಕೊಟ್ಟಳು.

ಹೊಲಿಗೆ ಮಾಯುವಷ್ಟರಲ್ಲಿ ಲಾಂಡ್ರಿಯಿಂದ ಕರೆ ಬಂತು. ಯಂತ್ರಗಳ ಗದ್ದಲದಲ್ಲಿ ಕಂಬಳಿ ಮಡಿಸಿ ಜೋಡಿಸುವ ಕೆಲಸ. ಅವಳಂಥವರು ಅಲ್ಲಿ ಎಂಟು ಜನ ಇದ್ದಾರೆ, ದಿನವಿಡೀ ಕೈಯಲ್ಲೇ ಮಾತಾಡುತ್ತಾರೆ. ಅವರಲ್ಲಿ ಮೂವರ ಜೊತೆ ದೇವನಹಳ್ಳಿಯಲ್ಲಿ ರೂಮು ಮಾಡಿಕೊಂಡಳು. ಹೊರಡುವ ದಿನ ತಾಯಿಯ ಕಾಲಿಗೆ ಬಿದ್ದಳು. ನನ್ನ ಮುಂದೆ ಬಂದು ನಿಂತಳು, ಕಣ್ಣು ಮುಚ್ಚಿಕೊಂಡಳು, ಹೊರಟಳು.

ಬೆಳ್ಳಿ ಕಿವಿ ಹಿಡಿದುಕೊಂಡು ನಾನು ಪೂಜಾರಿ ಚಿಕ್ಕಣ್ಣನವರ ಹತ್ತಿರ ಹೋಗಿ ಎಲ್ಲವನ್ನೂ ಒಪ್ಪಿಸಿದೆ.

"ಹಾಕೋದಿದ್ರೆ ಹಾಕಪ್ಪಾ, ತಾಯಿ ಬೇಡ ಅನ್ನಲ್ಲ," ಎಂದರು. "ಆದ್ರೆ ಮುನಿರಾಜು, ಹರಕೆ ಅಂದ್ರೆ ನಿಂದೇನಾದ್ರೂ ಬಿಡ್ಬೇಕು ಕಣಪ್ಪಾ. ನೀನು ಬಿಟ್ಟಿದ್ದು ಯಾರ್ದು?"

ನನ್ನದು ಎಂದರೆ ಮಂಡಿಯನ್ನೇ ನಡುಗಿಸುವ ಈ ಬಾಯಿ. ಆ ಬಾಯನ್ನೇ ಹರಕೆಗೆ ಬಿಟ್ಟೆ. ಭಾನುವಾರ ಅವಳಿಗೆ ರಜೆ. ಈಗ ಪ್ರತಿ ಭಾನುವಾರ ಎದ್ದಾಗಿನಿಂದ ಸಂಜೆ ದೀಪ ಹಚ್ಚುವ ತನಕ ನಾನು ಮಾತಾಡುವುದಿಲ್ಲ. ಜಯಮ್ಮ ಕಟ್ಟಿಕೊಟ್ಟ ಡಬ್ಬಿ ಹಿಡಿದು ದೇವನಹಳ್ಳಿ ಬಸ್ಸು ಹತ್ತುತ್ತೇನೆ. ಊರಿನ ಹೆಸರು ಬರೆದ ಚೀಟಿ ತೋರಿಸಿದರೆ ಕಂಡಕ್ಟರು ಒಮ್ಮೆ, "ಏಯ್ ಮೂಗಾ, ಒಳಗೆ ಹೋಗಲೇ" ಎಂದು ಎಲ್ಲರ ಮುಂದೆ ಗದರಿದ. ಹಿಂದಿನ ಸೀಟಿನವರು ನಕ್ಕರು. ಇಳಿಯುವ ತನಕ ತಲೆ ಎತ್ತಲಾಗಲಿಲ್ಲ. ನಾನು ಈ ಪಾಡನ್ನು ವಾರಕ್ಕೊಂದು ದಿನ ಪಡುತ್ತಿದ್ದೇನೆ.

ವಾರವೆಲ್ಲ ಜಯಮ್ಮನಿಂದ ಒಂದೊಂದು ಸನ್ನೆ ಕಲಿಯುತ್ತೇನೆ. ನನ್ನ ಬೆರಳು ಬೇಗ ಬಗ್ಗುವುದಿಲ್ಲ. ರೂಮಿನ ಗೇಟಿನ ಹತ್ತಿರ ನಿಂತರೆ ನಳಿನಾ ಬರುತ್ತಾಳೆ, ಡಬ್ಬಿ ತೆಗೆದುಕೊಳ್ಳುತ್ತಾಳೆ, ನಾನು ಕೈ ಎತ್ತಿದ ಕೂಡಲೇ ಕಣ್ಣು ಮುಚ್ಚುತ್ತಾಳೆ. ಏಳು ಭಾನುವಾರ ಹೀಗೇ ಆಯಿತು. ತಪ್ಪಾಯಿತು ಎಂಬುದನ್ನು ಮುಚ್ಚಿದ ಕಣ್ಣಿನ ಮುಂದೆ ಮಾಡಿ ತೋರಿಸಿ ಬಂದಿದ್ದೇನೆ.

ನಾನಿಟ್ಟ ನಳಿನಾ ಎಂಬ ಹೆಸರನ್ನು ಅವಳು ಹುಟ್ಟಿದಾಗಿನಿಂದ ಕೇಳಿಯೇ ಇಲ್ಲ. ಹಾಸ್ಟೆಲಿನ ಮಕ್ಕಳು ಒಬ್ಬರಿಗೊಬ್ಬರು ಕೈಯಲ್ಲೇ ಹೆಸರಿಡುತ್ತಾರಂತೆ. ಇವಳ ಗಲ್ಲದ ಮೇಲೊಂದು ಮಚ್ಚೆಯಿದೆ, ಗಲ್ಲದ ಮೇಲೆ ಆ ಜಾಗದಲ್ಲಿ ಬೆರಳಿಟ್ಟರೆ ಇವಳ ಹೆಸರಾಯಿತು. ಇದನ್ನು ಜಯಮ್ಮ ನನಗೆ ಹೇಳಿದ್ದು ಹೋದ ವಾರ. ಎಂಟನೇ ಭಾನುವಾರ ಗೇಟಿನ ಹತ್ತಿರ ನಿಂತು, ಅವಳು ಕಣ್ಣು ಮುಚ್ಚುವ ಮುಂಚೆಯೇ ಬೇಗ ಬೇಗ ನನ್ನ ಗಲ್ಲದ ಮೇಲೆ ಬೆರಳಿಟ್ಟೆ.

ಅವಳು ಕಣ್ಣು ಮುಚ್ಚಲಿಲ್ಲ. ಎರಡು ಹೆಜ್ಜೆ ಮುಂದೆ ಬಂದು ನನ್ನ ಮಣಿಕಟ್ಟು ಹಿಡಿದಳು. ನಾನು ಬಲಗಡೆ ಇಟ್ಟಿದ್ದೆ. ಮಚ್ಚೆ ಇರುವುದು ಎಡಗಡೆ. ಇಪ್ಪತ್ತೆರಡು ವರ್ಷ ನೋಡಿದ ಮುಖ, ನನಗೆ ಅದೂ ಗೊತ್ತಿರಲಿಲ್ಲ. ಬೆರಳನ್ನು ಎಳೆದು ನನ್ನ ಗಲ್ಲದ ಎಡಗಡೆ ನೋಯುವ ಹಾಗೆ ಒತ್ತಿದಳು. ಕೈ ಬಿಟ್ಟಳು. ಆಮೇಲೆ ಕಣ್ಣು ಮುಚ್ಚಿಕೊಂಡಳು.

ನಾನು ಬೇಡಿದ್ದನ್ನು ತಾಯಿ ಕೊಡಲಿಲ್ಲ, ಅವಳ ದೊಡ್ಡತನಕ್ಕೆ ಅಡ್ಡಬೀಳುತ್ತೇನೆ. ನನ್ನ ಮಗಳು ಜೀವಂತವಿದ್ದಾಳೆ, ದುಡಿದು ತಿನ್ನುತ್ತಿದ್ದಾಳೆ, ನನ್ನ ಮುಖ ನೋಡುವುದಿಲ್ಲ. ಮೂರನ್ನೂ ನಾನು ಪ್ರಸಾದವೆಂದೇ ಕಣ್ಣಿಗೊತ್ತಿಕೊಂಡಿದ್ದೇನೆ. ಬರುವ ಭಾನುವಾರ ಬೆರಳನ್ನು ಎಡಗಡೆ ಇಡುತ್ತೇನೆ.