ಕಾರಿಗೆ ಹಾಕಿದ ಸಾಂಬ್ರಾಣಿ

ನನ್ನ ಕಾರನ್ನು ಮಾರಬೇಕೆಂದು ನಮ್ಮ ಮನೆಯಲ್ಲಿ ತೀರ್ಮಾನವಾಯಿತು. ತೀರ್ಮಾನ ಮಾಡಿದವನು ನನ್ನ ತಮ್ಮ. ಕಾರು ನನ್ನದು, ಕೊಂಡ ದುಡ್ಡು ನನ್ನದು, ಓಡಿಸುವವಳೂ ನಾನೇ. ಆದರೂ ಗಂಡಸಿರುವ ಮನೆಯಲ್ಲಿ ಗಾಡಿಯ ಮಾತು ಗಂಡಸಿನದೇ ಎಂದು ಅವನು ಹುಟ್ಟಿದಾಗಿನಿಂದ ನಂಬಿದ್ದಾನೆ. ಅವನಿಗಿಂತ ಮೊದಲೇ ಹುಟ್ಟಿದ ನಾನು ಅದನ್ನು ಯಾವತ್ತೂ ನಂಬಿದವಳಲ್ಲ.

ನಾವು ಕ್ರೋಂಪೇಟೆಯವರು. ಅಜ್ಜ ಮೈಸೂರು ಕಡೆಯಿಂದ ಈ ತಮಿಳು ನಾಡಿಗೆ ಬಂದು ಬಟ್ಟೆ ಅಂಗಡಿ ಇಟ್ಟರು, ಈಗ ಅದನ್ನು ತಮ್ಮ ನಡೆಸುತ್ತಾನೆ. ನಾನು ಮದುವೆಯಾಗಲಿಲ್ಲ, ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿ ನಿವೃತ್ತಳಾದೆ. ಇನ್ನು ಕಾಶಿಗೆ ಹೋಗಿ ಬಾ ಎಂದು ಬಳಗದವರೆಲ್ಲ ಹೇಳುತ್ತಿದ್ದಾಗ ಸೂಪರ್‌ಚಾರ್ಜರ್ ಇರುವ ಒಂದು ಹಳೆಯ ಜರ್ಮನ್ ಕಾರು ಕೊಂಡೆ. ಸೂಪರ್‌ಚಾರ್ಜರ್ ಎಂದರೆ ಎಂಜಿನ್ನೇ ಬೆಲ್ಟಿನಿಂದ ತಿರುಗಿಸುವ ಒಂದು ಗಾಳಿಯಂತ್ರ. ಕಮ್ಮಾರನ ತಿದಿಯ ಹಾಗೆ ಅದು ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಆ ಒತ್ತಡಕ್ಕೆ ಬೂಸ್ಟ್ ಎನ್ನುತ್ತಾರೆ. ಪೆಡಲ್ ತುಳಿದಾಗ ಬೆನ್ನು ಸೀಟಿಗೆ ಅಂಟುವುದು ಅದರಿಂದಲೇ. ತಡವಾಗಿ ಸಿಕ್ಕ ಸುಖ, ಬಿಟ್ಟುಕೊಡುವ ಮನಸ್ಸು ನನಗೆ ಎಳ್ಳಷ್ಟೂ ಇರಲಿಲ್ಲ.

ದೀಪಾವಳಿ ಕಳೆದ ಮೇಲೆ ಆ ಒತ್ತಡ ಇಳಿಯಿತು. ಪಲ್ಲಾವರಂ ಮೇಲ್ಸೇತುವೆ ಏರುವಾಗ ಕಾರು ಏದುಸಿರು ಬಿಡತೊಡಗಿತು. ಜನ ತುಂಬಿದ ಶೇರ್ ಆಟೋವೊಂದು ನನ್ನನ್ನು ಹಿಂದೆ ಹಾಕಿತು. ಅದರಲ್ಲಿ ತರಕಾರಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ನನ್ನತ್ತ ಕನಿಕರದಿಂದ ನೋಡಿದಳು. ಅದನ್ನು ನಾನು ಇನ್ನೂ ಕ್ಷಮಿಸಿಲ್ಲ.

ಮೆಕ್ಯಾನಿಕ್ ತನ್ನ ಯಂತ್ರ ಸಿಕ್ಕಿಸಿ ನೋಡಿ, ಬೂಸ್ಟ್ ಬರುತ್ತಿಲ್ಲ, ಸೂಪರ್‌ಚಾರ್ಜರೇ ಹೋಗಿದೆ, ಹೊಸದು ಹಾಕಿಸುವುದಕ್ಕಿಂತ ಗಾಡಿ ಮಾರುವುದೇ ಮೇಲು ಎಂದ. ಹೇಳಿದ್ದು ನನಗಲ್ಲ, ಪಕ್ಕದಲ್ಲಿ ನಿಂತಿದ್ದ ತಮ್ಮನಿಗೆ. ತಮ್ಮ ಅಲ್ಲೇ ತನ್ನ ಅಂಗಡಿಯ ಹಳೆಯ ಗಿರಾಕಿಯೊಬ್ಬರಿಗೆ ಫೋನು ಮಾಡಿದ. ಅವರು ಭಾನುವಾರ ತಾಂಬರಂನಿಂದ ಬಂದು ಗಾಡಿ ನೋಡುವುದೆಂದಾಯಿತು.

"ವೇಂಡಾಂ ಅಕ್ಕ, ಬಿಟ್ಬಿಡು. ಈ ವಯಸ್ಸಲ್ಲಿ ನಿನಗ್ಯಾಕೆ ಈ ಟೆನ್ಷನ್ನು? ಎಲ್ಲಿಗೆ ಹೋಗ್ಬೇಕೋ ಹೇಳು, ನಾನು ಕರ್ಕೊಂಡು ಹೋಗ್ತೀನಿ," ಎಂದ.

"ನೆಗಡಿ ಬಂತು ಅಂತ ಯಾರಾದ್ರೂ ಮೂಗು ಕುಯ್ಕೋತಾರೇನೋ?" ಎಂದೆ.

ಅವನು ಪ್ರೀತಿಯಿಂದಲೇ ಹೇಳಿದ್ದ. ನನ್ನ ಮೈ ಉರಿದದ್ದೂ ಅದಕ್ಕೇ. ಅಪ್ಪ, ಸೋದರಮಾವ, ಆಮೇಲೆ ಇವನು, ಹೀಗೆ ಕರೆದುಕೊಂಡು ಹೋಗುವವರ ಹಿಂದಿನ ಸೀಟಿನಲ್ಲಿ ಕೂತು ಕೂತು ಸಾಕಾಗಿಯೇ ನಾನು ಕಾರು ಕೊಂಡದ್ದು.

ಮರುದಿನ ಬೆಳಿಗ್ಗೆ ನಾನೇ ಬಾನೆಟ್ ಎತ್ತಿದೆ. ಒತ್ತಡ ಸಾಲದೆ ಹೋದರೆ ಕೇಳಬೇಕಾದ ಪ್ರಶ್ನೆ ಎರಡೇ: ಗಾಳಿ ತುಂಬುತ್ತಿಲ್ಲವೋ, ತುಂಬಿದ್ದು ಸೋರುತ್ತಿದೆಯೋ? ಏರ್ ಫಿಲ್ಟರ್ ಚೊಕ್ಕವಾಗಿತ್ತು. ಬೆಲ್ಟ್ ಬಿರುಕು ಬಿಟ್ಟಿರಲಿಲ್ಲ, ಜಾರಿ ಜಾರಿ ನುಣುಪಾಗಿಯೂ ಇರಲಿಲ್ಲ. ಅದನ್ನು ಸಡಿಲಿಸಿ ಸೂಪರ್‌ಚಾರ್ಜರನ್ನು ಕೈಯಲ್ಲಿ ತಿರುಗಿಸಿದೆ. ಗರಗರ ಎನ್ನದೆ ಸಲೀಸಾಗಿ ತಿರುಗಿತು. ಇಷ್ಟು ಗಟ್ಟಿಮುಟ್ಟಾಗಿರುವುದನ್ನು ಸತ್ತಿತೆಂದು ಹೇಳಿದ್ದರಲ್ಲ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ. ಹಾಗಾದರೆ ಗಾಳಿ ಎಲ್ಲೋ ಸೋರುತ್ತಿರಬೇಕು.

ಸೋರುವ ಗಾಳಿ ಕಣ್ಣಿಗೆ ಕಾಣುವುದಿಲ್ಲ. ಕಾಣಬೇಕಾದರೆ ಅದಕ್ಕೆ ಹೊಗೆ ಬೆರೆಸಬೇಕು. ಹೊಗೆಗೆ ನಮ್ಮ ಮನೆಯಲ್ಲಿ ಬರವೇ? ದೇವರ ಮನೆಯಿಂದ ಸಾಂಬ್ರಾಣಿ ತಂದೆ. ಒಂದು ಹಳೆಯ ತಗಡಿನ ಡಬ್ಬಕ್ಕೆ ಎರಡು ತೂತು ಕೊರೆದು, ಒಳಗೆ ಕೆಂಡ ಇಟ್ಟು ಸಾಂಬ್ರಾಣಿ ಹಾಕಿ ಮುಚ್ಚಿದೆ. ಒಂದು ತೂತಿಗೆ ಸೈಕಲ್ ಪಂಪು, ಇನ್ನೊಂದಕ್ಕೆ ಉದ್ದದ ನಳಿಕೆ. ನಳಿಕೆಯ ತುದಿಯನ್ನು ಸೂಪರ್‌ಚಾರ್ಜರಿನಿಂದ ಹೊರಡುವ ಪೈಪನ್ನು ಬಿಚ್ಚಿ ಅದರ ಬಾಯಿಗೆ ತುರುಕಿ, ಸುತ್ತ ಬಟ್ಟೆ ಬಿಗಿದು ಪಂಪು ಒತ್ತಿದೆ. ಎದುರು ಮನೆಯಾಕೆ ಇವತ್ತೇನು ವಿಶೇಷ ಎಂದು ಕೇಳಿದರು. ಕಾರಿಗೆ ದೃಷ್ಟಿಯಾಗಿದೆ ಎಂದೆ.

ಸ್ವಲ್ಪ ಹೊತ್ತಿಗೆ ಮುಂದಿನ ಬಂಪರಿನ ಕೆಳಗಿನಿಂದ ಹೊಗೆ ಎಳೆಯಾಗಿ ಎದ್ದಿತು. ಗೋಣಿಚೀಲ ಹಾಸಿಕೊಂಡು ಮಲಗಿ, ಟಾರ್ಚ್ ಬಿಟ್ಟು ನೋಡಿದೆ. ಸೂಪರ್‌ಚಾರ್ಜರಿನ ಗಾಳಿಯನ್ನು ಎಂಜಿನ್ನಿಗೆ ಒಯ್ಯುವ ದಪ್ಪನೆಯ ರಬ್ಬರ್ ಪೈಪೊಂದು ಅಲ್ಲಿದೆ. ಅದರ ಸುತ್ತ ತುಕ್ಕು ಹಿಡಿದ ತಂತಿಯೊಂದು ಬಿಗಿದುಕೊಂಡಿತ್ತು. ಎಂಜಿನ್ನಿನ ಅದುರುವಿಕೆಗೆ ಉಜ್ಜಿ ಉಜ್ಜಿ ರಬ್ಬರನ್ನು ಸೀಳಿತ್ತು. ಸುಮ್ಮನೆ ನಿಂತಾಗ ಮುಚ್ಚಿಕೊಂಡು, ಒತ್ತಡ ಏರಿದಾಗ ಬಾಯಿ ಬಿಡುವ ಸೀಳು. ತಂತಿಯ ಗಂಟಿನಲ್ಲಿ ಬಾಳೆಯ ಒಣ ನಾರು ಇನ್ನೂ ಸಿಕ್ಕಿಕೊಂಡಿತ್ತು.

ನಾನು ನೆಲದ ಮೇಲೆ ಮಲಗಿಕೊಂಡೇ ನಕ್ಕೆ. ಆಯುಧ ಪೂಜೆಯ ದಿನ ಕಾರಿನ ಎರಡೂ ಬದಿಗೆ ಬಾಳೆಕಂದು ಕಟ್ಟಿದವನು ನನ್ನ ತಮ್ಮ. ದಾರ ಸಾಲದೆಂದು ತಂತಿ ತಂದು, ಕಾರಿನ ಮುಂದಿನ ಜಾಲರಿಯೊಳಗೆ ಕೈ ಹಾಕಿ, ಸಿಕ್ಕಿದ್ದಕ್ಕೆ ಬಿಗಿದಿದ್ದ. ಹಬ್ಬವಾದ ಮೇಲೆ ಬಾಳೆಕಂದು ಎಳೆದು ಬಿಸಾಡಿದ, ತಂತಿ ಉಳಿಯಿತು. ವಿಭೂತಿ ಹಚ್ಚಿದ್ದು, ಕುಂಬಳಕಾಯಿ ಒಡೆದದ್ದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟದ್ದು ಎಲ್ಲವೂ ಅವನೇ. ನನ್ನ ಕಾರಿನ ಪೂಜೆಗೆ ನಾನು ಆರತಿ ತಟ್ಟೆ ಹಿಡಿದುಕೊಂಡು ಬದಿಯಲ್ಲಿ ನಿಂತಿದ್ದೆ. ನಗು ಮುಗಿದ ಮೇಲೆ ಸಿಟ್ಟು ಬಂತು, ಅವನ ಮೇಲಷ್ಟೇ ಅಲ್ಲ, ಹಾಗೆ ನಿಂತ ನನ್ನ ಮೇಲೂ. ಹಳೆಯ ಗಾಡಿಗಳ ಬಿಡಿಭಾಗ ಸಿಗುವ ಪುದುಪೇಟೆಗೆ ಹೋಗಿ ಅದೇ ಅಳತೆಯ ಪೈಪು ಹುಡುಕಿ ತಂದು, ನಾನೇ ಹಾಕಿ ಕ್ಲಿಪ್ಪು ಬಿಗಿದೆ. ಮನೆಯಲ್ಲಿ ತುಟಿ ಬಿಚ್ಚಲಿಲ್ಲ.

ಭಾನುವಾರ ತಾಂಬರಂನವರು ಬಂದರು. ಅವರನ್ನು ಹಿಂದೆ, ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಮೇಲ್ಸೇತುವೆಗೆ ಹೋದೆ. ಪೆಡಲ್ ತುಳಿದಾಗ ಕಾರು ಎರಡು ಶೇರ್ ಆಟೋ, ಒಂದು ಬಸ್ಸನ್ನು ಹಿಂದೆ ಹಾಕಿ ತುದಿ ಮುಟ್ಟಿತು. ಇವತ್ತೇ ತೆಗೆದುಕೊಳ್ಳುತ್ತೇನೆ ಎಂದರು ಆ ಮನುಷ್ಯ. ತಮ್ಮನ ಮುಖ ಅರಳಿತು.

ನಾನು ಕಾರು ತಿರುಗಿಸಿ ಅವರನ್ನು ಕ್ರೋಂಪೇಟೆ ಸ್ಟೇಷನ್ನಿನ ಮುಂದೆ ಇಳಿಸಿದೆ. ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿ, ಗಾಡಿ ಮಾರುವುದಿಲ್ಲ ಎಂದೆ. ಇಂಥ ಗಾಡಿಯನ್ನು ತಾನಾಗಿದ್ದರೂ ಮಾರುತ್ತಿರಲಿಲ್ಲ ಎಂದು ನಕ್ಕು ಅವರು ರೈಲು ಹಿಡಿಯಲು ಹೋದರು.

ತಮ್ಮ ಬಾಯಿ ತೆರೆಯುವಷ್ಟರಲ್ಲಿ ಆ ತಂತಿಯನ್ನು ಅವನ ಅಂಗೈಯಲ್ಲಿ ಇಟ್ಟೆ. ತಿರುಗಿಸಿ ನೋಡಿದ. ಬಾಳೆಯ ನಾರು ಕಂಡು ಗುರುತು ಹಿಡಿದ. ಕಿವಿ ಕೆಂಪಾಯಿತು.

"ಇದ್ರಿಂದ್ಲೇ ಪೈಪು ಸೀಳಿದ್ದು ಕಣೋ," ಎಂದೆ. "ಮುಂದಿನ ವರ್ಷ ನನ್ನ ಕಾರಿಗೆ ಪೂಜೆ ನಾನು ಮಾಡ್ತೀನಿ. ಆರತಿ ತಟ್ಟೆ ನೀನು ಹಿಡ್ಕೋ."

ಅಷ್ಟು ಹೇಳಿ ಪೆಡಲ್ ತುಳಿದೆ. ನನ್ನ ಬೆನ್ನು ಸೀಟಿಗೆ ಅಂಟಿತು, ಅವನದೂ.