ಮೂರನೆಯ ಕಂಬದ ಕೆಂಪು ಗೀಟು

ನಿನ್ನ ಗಂಡನ ಸಾವಿಗೆ ಕಾರಣ ನಿನ್ನಪ್ಪನಲ್ಲ, ಪುಟ್ಟತಾಯಿ. ನಾನು.

ಇಷ್ಟು ಬರೆಯಲು ನನಗೆ ಹನ್ನೆರಡು ವರ್ಷ ಹಿಡಿಯಿತು. ನಿನಗೆ ಓದು ಬರುವುದಿಲ್ಲವೆಂದು ಬಲ್ಲೆ. ಈ ಕಾಗದವನ್ನು ನಾನೇ ತಂದು ನಿನ್ನೆದುರು ಕೂತು ಓದುತ್ತೇನೆ. ಬಾಯಲ್ಲೇ ಹೇಳಬಾರದೇ ಎಂದರೆ — ನನ್ನ ಬಾಯನ್ನು ನಾನು ನಂಬುವುದಿಲ್ಲ. ಅರ್ಧ ದಾರಿಯಲ್ಲಿ ಅದು ಇನ್ನೆಲ್ಲಿಗೋ ಹೊರಳಿಬಿಡುತ್ತದೆ. ಬರೆದದ್ದು ಹಾಗೆ ಹೊರಳುವುದಿಲ್ಲ.

ಒಂಟಿಕೊಪ್ಪಲಿನ ನಮ್ಮ ಮನೆಯ ಹಿತ್ತಿಲ ಜಗುಲಿಯನ್ನು ನೀನು ನೋಡಿದ್ದು ಒಂದೇ ಸಲ, ಅದೂ ಮುರಿದು ಬಿದ್ದ ಮೇಲೆ. ಮೊದಲು ಅಲ್ಲಿ ಗೆದ್ದಲು ತಿಂದ ಮರದ ಕಂಬ, ಹೆಂಚಿನ ಮಾಡು ಇತ್ತು. ಅದನ್ನು ಕೆಡವಿ ಕಲ್ಲಿನದು ಕಟ್ಟಿಸಬೇಕೆಂದು ನಮ್ಮ ಮಾವನವರು ಹೊರಟರು. ಅವರು ಅರಮನೆಯಲ್ಲಿ ದೀಪದ ಉಸ್ತುವಾರಿ ನೋಡಿಕೊಂಡಿದ್ದು ನಿವೃತ್ತರಾದವರು. ನಿವೃತ್ತಿಯೇನೋ ಆಯಿತು, ತಲೆಯೊಳಗಿನ ಬಲ್ಬು ಮಾತ್ರ ಆರಲಿಲ್ಲ. ನಾಲ್ಕು ಕಲ್ಲುಕಂಬ, ಮೇಲೆ ಚಪ್ಪಡಿ, ಒಂದೊಂದು ಕಂಬದಲ್ಲೂ ಎದೆಯೆತ್ತರಕ್ಕೆ ಒಂದು ಗೂಡು ಕೊರೆಸಿ ಅದರೊಳಗೆ ದೀಪ. "ಬಲ್ಬು ಕಣ್ಣಿಗೆ ಬೀಳಬಾರದು ಕಣಮ್ಮ, ಬೆಳಕು ಮಾತ್ರ ಬೀಳಬೇಕು" ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ನವರಾತ್ರಿಗೆ ಹಳೆಯ ಜೊತೆಗಾರರನ್ನೆಲ್ಲ ಕರೆದು ತೋರಿಸುವ ಆಸೆ. ಆ ಆಸೆಯಲ್ಲಿ ತಪ್ಪೇನಿತ್ತು? ಏನೂ ಇರಲಿಲ್ಲ.

ಕೆಲಸಕ್ಕೆ ಬಂದವರು ನಿನ್ನಪ್ಪ ಮಾದಯ್ಯ, ನಿನ್ನ ಗಂಡ ಸಿದ್ದ, ಮತ್ತು ಎತ್ತಿ ಇಳಿಸಲು ನಾಲ್ಕು ಆಳು. ಮನೆಯಲ್ಲಿ ಹೆಂಗಸೆಂದರೆ ನಾನೊಬ್ಬಳೇ. ಆ ದಿನಗಳಲ್ಲೇ ಅರಸೀಕೆರೆಯಿಂದ ನನ್ನಣ್ಣನ ಕಾಗದ ಬಂತು — ಅಮ್ಮ ಹಾಸಿಗೆ ಹಿಡಿದಿದ್ದಾಳೆ, ನಿನ್ನ ಹೆಸರೇ ಹೇಳುತ್ತಿದ್ದಾಳೆ, ಬೇಗ ಬಾ. ಮಾವನವರ ಮುಂದೆ ಹಿಡಿದೆ. ಕನ್ನಡಕ ಹಾಕಿಕೊಂಡು ಓದಿದರು, ಮಡಿಸಿ ವಾಪಸು ಕೊಟ್ಟರು. "ಕಂಬ ನಿಂತು ಚಪ್ಪಡಿ ಕೂತ ದಿನವೇ ನೀನು ರೈಲು ಹತ್ತು. ಅಲ್ಲೀವರೆಗೂ ಕೆಲಸದವರ ನೀರು ನಿಡಿ ಯಾರಮ್ಮ ನೋಡೋರು?" ನನ್ನ ಯಜಮಾನರು ನೆಲ ನೋಡುತ್ತಾ ನಿಂತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಒಳಗೆ ಹೋಗಿ ಅನ್ನಕ್ಕಿಟ್ಟೆ.

ಕಂಬ ನಿಲ್ಲಿಸುವ ಹಿಂದಿನ ದಿನ ಬೆಳಿಗ್ಗೆ ನಿನ್ನಪ್ಪನಿಗೂ ಅಂಥದೇ ಸುದ್ದಿ ಬಂತು. ಮಳವಳ್ಳಿ ಕಡೆ ನಿನ್ನ ಸೋದರತ್ತೆಯ ಮನೆಯಲ್ಲಿದ್ದ ನಿನ್ನಜ್ಜಿಗೆ ಉಸಿರು ಹತ್ತಿದೆಯೆಂದು. ಮಾವನವರು ಸ್ನಾನಕ್ಕೆ ಹೋಗಿದ್ದರು. ಸಿದ್ದ ಚಪ್ಪಡಿ ತರಲು ಗಾಡಿಯ ಜೊತೆ ಹೋದವನು ಮಧ್ಯಾಹ್ನದವರೆಗೆ ಬರುವ ಹಾಗಿರಲಿಲ್ಲ, ಬಸ್ಸು ನಿನ್ನಪ್ಪನಿಗಾಗಿ ಕಾಯುವ ಹಾಗಿರಲಿಲ್ಲ. ಅಷ್ಟು ಆತುರದಲ್ಲೂ ಆತ, ಹಿತ್ತಿಲಲ್ಲಿ ಮಲಗಿಸಿದ್ದ ಕಂಬಗಳ ಹತ್ತಿರಕ್ಕೆ ನನ್ನನ್ನು ಕರೆದು, ಸುತ್ತಿಗೆಯಿಂದ ಒಂದೊಂದನ್ನೂ ತಟ್ಟಿ ಕೇಳಿಸಿದ. ಮೂರು ಕಂಬ ಠಣ್ಣೆಂದವು. ಒಂದು ಮಾತ್ರ ದಬ್ಬೆಂದಿತು.

"ಕೇಳುಸ್ತಾ ಅಮ್ಮಾರೇ? ಇದು ಮೂಗ್ಗಲ್ಲು. ಒಳಗೆ ಸೀಳೈತೆ. ತೂಕ ಹೊರಾಕಿಲ್ಲ, ಉಳಿ ಏಟೂ ತಡೆಯಾಕಿಲ್ಲ. ಕೆಂಪು ಜಾಜಿನಾಗೆ ಗೀಟು ಎಳ್ದಿವ್ನಿ ನೋಡಿ. ಸಿದ್ದ ಬಂದೇಟ್ಗೇ ಹೇಳ್ಬುಡಿ, ಇದ ನಿಲ್ಲಿಸ್ಬ್ಯಾಡ, ಬೇರೆ ಕಲ್ಲು ತರ್ಸು ಅಂತ. ಬುದ್ಧಿಯೋರ್ಗೂ ಹೇಳ್ಬುಡಿ. ಮರೀಬ್ಯಾಡಿ."

"ಹೇಳ್ತೀನಿ, ನೀನು ಹೊರಡು ಮಾದಯ್ಯ" ಎಂದೆ. ಹೇಳಬೇಕೆಂದೇ ಅಂದೆ — ಆ ಕ್ಷಣಕ್ಕೆ ಅದು ನಿಜ. ಆತ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಓಡಿದ.

ಆಮೇಲೆ ಲೆಕ್ಕ ಹಾಕುತ್ತಾ ಅಲ್ಲೇ ನಿಂತೆ. ಬೇರೆ ಕಲ್ಲು ಆರಿಸಿ, ಸೀಳಿಸಿ, ಕಂಬ ಕೆತ್ತಿಸಿ ತರಲು ಕಮ್ಮಿಯೆಂದರೂ ಹದಿನೈದು ದಿನ. ಹದಿನೈದು ದಿನ ಅಮ್ಮ ಇರುತ್ತಾಳೆಯೇ? ತನ್ನ ತಾಯಿಯ ಮುಖ ನೋಡಲು ಓಡುತ್ತಿದ್ದವನು ತನ್ನ ಮಾತನ್ನು ನನ್ನ ಕೈಲಿಟ್ಟು ಹೋಗಿದ್ದ. ನನ್ನ ತಾಯಿಯ ಮುಖ ನೋಡಲು ನಾನು ಅದನ್ನೇ…

ಮಧ್ಯಾಹ್ನ ಸಿದ್ದ ಬಂದ. ನಿನ್ನಪ್ಪ ಹೊರಟುಹೋದ ಸುದ್ದಿ ಹೇಳಿದೆ. "ಏನಾದ್ರೂ ಹೇಳಿ ಹೋದ್ರಾ ಅಮ್ಮಾರೇ?" ಎಂದು ಕೇಳಿದ. "ಏನಿಲ್ಲಪ್ಪ, ಕೆಲಸ ನಿಲ್ಲಿಸಬೇಡ ಅಂದ" ಎಂದೆ. ಅಷ್ಟು ಸರಾಗವಾಗಿ ಬಂತು ಬಾಯಿಗೆ. ಗಾಡಿಯಿಂದ ಚಪ್ಪಡಿ ಇಳಿಸುವುದರಲ್ಲೇ ಅವನಿಗೆ ಕತ್ತಲಾಯಿತು, ಕಂಬಗಳನ್ನು ಹತ್ತಿರ ಹೋಗಿ ನೋಡಲಿಲ್ಲ.

ಮಾರನೆಯ ದಿನ ಕಂಬಪೂಜೆ. ಮನೆಯ ಮುತ್ತೈದೆ ಅರಿಶಿನ ಕುಂಕುಮ ಹಚ್ಚಬೇಕು. ಎಲ್ಲರಿಗಿಂತ ಮುಂಚೆ ಎದ್ದು, ಒದ್ದೆ ಬಟ್ಟೆಯಿಂದ ಆ ಗೀಟನ್ನು ಉಜ್ಜಿದೆ. ಒರಟು ಕಲ್ಲಿಗೆ ಹತ್ತಿದ ಜಾಜು, ಹೋಗುತ್ತದೆಯೇ? ಅದರ ಮೇಲೆ ದಪ್ಪವಾಗಿ ಅರಿಶಿನ ಮೆತ್ತಿದೆ. ಅರಿಶಿನದ ಮೇಲೆ ಕೈತುಂಬ ಕುಂಕುಮ. ಮಿಕ್ಕ ಮೂರಕ್ಕೂ ಅಷ್ಟೇ ಹಚ್ಚಿದೆ, ಯಾರಿಗೂ ಭೇದ ಕಾಣಬಾರದಲ್ಲ. ಪೂಜೆಯಾದ ಕಲ್ಲನ್ನು ಯಾರೂ ಮತ್ತೆ ತಟ್ಟಿ ನೋಡುವುದಿಲ್ಲ, ಬೇಡವೆಂದು ಪಕ್ಕಕ್ಕೂ ಇಡುವುದಿಲ್ಲ. ಅದು ನನಗೆ ಗೊತ್ತಿತ್ತು. ಸಿದ್ದ ನಾಲ್ಕಕ್ಕೂ ಕೈಮುಗಿದು ಎಬ್ಬಿಸಿ ನಿಲ್ಲಿಸಿದ. ಆ ಮೂಗ್ಗಲ್ಲು ಬಾವಿಯ ಕಡೆಯಿಂದ ಮೂರನೆಯದಾಯಿತು. ನಾಲ್ಕನೆಯ ದಿನ ಚಪ್ಪಡಿ ಕೂತಿತು. ಐದನೆಯ ದಿನ ನಾನು ಅರಸೀಕೆರೆ ರೈಲಿನಲ್ಲಿದ್ದೆ.

ಅಮ್ಮ ಸಾಯಲಿಲ್ಲ, ಪುಟ್ಟತಾಯಿ. ನಾನು ಹೋಗಿ ವಾರವಾಗುವಷ್ಟರಲ್ಲಿ ಎದ್ದು ಕೂತು ಗಂಜಿ ಕುಡಿದಳು, ಉಪ್ಪು ಸಾಲದೆಂದು ಬೈದಳು. ಆಮೇಲೆ ಒಂಬತ್ತು ವರ್ಷ ಬದುಕಿದಳು. ಹದಿನೈದು ದಿನ ತಡೆದು ಹೋಗಿದ್ದರೂ ಸಿಗುತ್ತಿದ್ದಳು. ಸತ್ತಿದ್ದರೆ ನನ್ನ ತಪ್ಪು ಚಿಕ್ಕದಾಗುತ್ತಿತ್ತೇ? ಇಲ್ಲ. ಆದರೂ ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಕೊಂಡಿದ್ದೇನೋ.

ಅವಳು ಗಂಜಿ ಕುಡಿದ ಮಾರನೆಯ ದಿನ ಯಜಮಾನರ ತಂತಿ ಬಂತು. ನಿಂತ ಕಂಬಗಳಲ್ಲಿ ಸಿದ್ದ ದೀಪದ ಗೂಡು ಕೊರೆಯುತ್ತಿದ್ದನಂತೆ. ಎರಡು ಮುಗಿದಿದ್ದವು. ಮೂರನೆಯದಕ್ಕೆ ಉಳಿ ಇಟ್ಟು ಹೊಡೆಯುತ್ತಿದ್ದಾಗ ಕಂಬ ಎದೆಯೆತ್ತರಕ್ಕೆ ಸೀಳಿತು, ಮೇಲಿನ ಚಪ್ಪಡಿ — ಅದನ್ನು ನಿನಗೆ ನಾನು ಹೇಳಬೇಕಾಗಿಲ್ಲ.

ನಾನು ವಾಪಸು ಬಂದ ಮೂರನೆಯ ದಿನ ನಿನ್ನಪ್ಪ ಬಂದ. ತಾಯಿಗಾಗಿ ಬೋಳಿಸಿದ ತಲೆ. ತಾಯಿಯ ತಿಥಿ ಮುಗಿಸುವುದರೊಳಗೆ ಅಳಿಯನೂ ಹೋಗಿದ್ದ. ಹಿಂದೆಯೇ ನೀನು. ಹಿತ್ತಿಲ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ, ಬಳೆಯಿಲ್ಲದ ಬರಿಗೈಯಲ್ಲಿ, ಇಪ್ಪತ್ತೂ ತುಂಬದ ಹುಡುಗಿ. ಮಾವನವರು ಕಂಬದ ತುಂಡು ತೋರಿಸಿ ಕೂಗಾಡಿದರು. "ಕಣ್ಣಿರಲಿಲ್ವೇನೋ ನಿಂಗೆ? ಇಂಥ ಕಲ್ಲು ತಂದು ಅಳಿಯನ್ನೇ ಬಲಿ ಕೊಟ್ಟಲ್ಲೋ!"

ನಿನ್ನಪ್ಪ ಹತ್ತಿರ ಬಂದ. ಕೂತು ಆ ತುಂಡನ್ನು ಹೊರಳಿಸಿದ. ನಡುವೆ ಒಂದು ಮಳೆ ಬಂದು ಅರಿಶಿನ ತೊಳೆದುಹೋಗಿತ್ತು. ಗೀಟು ಕಾಣುತ್ತಿತ್ತು. "ಬುದ್ಧೀ, ನೋಡಿ, ಇಲ್ಲೈತೆ, ಇಲ್ಲೈತೆ ನಾನೆಳ್ದ ಗೀಟು! ಬ್ಯಾಡ ಅಂದಿದ್ದ ಕಲ್ಲು ಇದು!" ಎಂದ. ಮಾವನವರು ಬಗ್ಗಿ ನೋಡಿದರು. "ಲೇ, ಅದು ಕುಂಕುಮ ಕಣೋ. ನಮ್ಮ ಸೊಸೆ ಪೂಜೆ ಮಾಡಿ ಹಚ್ಚಿದ್ದು."

ಆಗ ಆತ ನನ್ನ ಕಡೆ ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ. ನನ್ನ ಮೇಲೆ ಅಷ್ಟು ಭರವಸೆಯಿತ್ತು. "ಅಮ್ಮಾರ್ಗೆ ಹೇಳೇ ಹೋಗಿದ್ದೆ ಬುದ್ಧಿ. ಅವರ್ನೇ ಕೇಳಿ."

ಮಾವನವರು ಕೇಳಿದರು. "ಮಾದಯ್ಯ ಹೇಳಿ ಹೋಗಿದ್ದನೇನಮ್ಮ?"

"ಇಲ್ಲ" ಎಂದೆ.

ನಿನ್ನಪ್ಪ ಆ ತುಂಡನ್ನು ಮೆಲ್ಲಗೆ ನೆಲಕ್ಕಿಟ್ಟ. ಮಾತಾಡಿದ್ದು ನೀನು. "ಸಾಯ್ಸಿದ್ದಲ್ದೆ ಸುಳ್ಳೂ ಹೇಳ್ತೀಯಲ್ಲೋ ಅಪ್ಪಾ" ಎಂದೆ. ಆತ ಸುತ್ತಿಗೆ, ಉಳಿ ಎಲ್ಲ ನಮ್ಮ ಹಿತ್ತಿಲಲ್ಲೇ ಬಿಟ್ಟು ಎದ್ದುಹೋದ. ಮತ್ತೆ ಕಲ್ಲು ಮುಟ್ಟಲಿಲ್ಲವೆಂದು ಆಮೇಲೆ ಕೇಳಿದೆ.

ಬೇರೆ ಕಂಬ ಬಂತು, ಬೇರೆಯವರು ಬಂದು ನಿಲ್ಲಿಸಿದರು, ಮುಂದಿನ ವರ್ಷ ದೀಪವೂ ಹತ್ತಿತು. ಬಂದವರೆಲ್ಲ ಹೊಗಳಿದರು. ನಾನು ತಟ್ಟೆಯಲ್ಲಿ ಕೋಸಂಬರಿ ಹಂಚಿದೆ. ಮಾವನವರು ತೀರಿಕೊಂಡು ನಾಲ್ಕು ವರ್ಷವಾಯಿತು, ಕೊನೆಯವರೆಗೂ ಅವರಿಗೂ ಹೇಳಲಿಲ್ಲ. ಮೊದಲು ಭಯವಿತ್ತು. ಆಮೇಲೆ ಭಯವೂ ಹೋಗಿ ಅಭ್ಯಾಸವಾಯಿತು. ನನ್ನ ಬಗ್ಗೆ ನನಗೆ ಹೇಸಿಗೆಯಾಗುವುದು ಆ ಅಭ್ಯಾಸವನ್ನು ನೆನೆದಾಗಲೇ.

ಮೊನ್ನೆ ಮಾರುಕಟ್ಟೆಯಲ್ಲಿ ವೀಳ್ಯದೆಲೆಯ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದವಳು ನೀನೆಂದು ನನಗೆ ತಿಳಿಯಲಿಲ್ಲ. ನೀನೇ ಗುರುತು ಹಿಡಿದೆ. "ನಿಮ್ಮಪ್ಪ ಹೇಗಿದ್ದಾನೆ?" ಎಂದು ಕೇಳಿದೆ, ಕೇಳುವ ಮುಖವೊಂದು ನನಗಿತ್ತು ನೋಡು!

"ಅವ್ನೆ ಕಣ್ರವ್ವ. ಕಣ್ಣು ಕಾಣಾಕಿಲ್ಲ. ಅಕ್ಕಪಕ್ಕದೋರು ಇಕ್ಕುದ್ರೆ ಉಣ್ತಾನೆ. ಒಂದೇ ಬೀದೀಲಿದ್ರೂ ನಾನು ಆ ಹೊಸಲು ತುಳಿದಿಲ್ಲ. ಕಲ್ಲು ಬಿದ್ದಿದ್ದು ನನ್ನ ಹಣೇಬರ ಅನ್ಕೊಂಡೇನು. ಅದ ತಂದು ನಿಮ್ಮಂತೋರ ತಲೆ ಮ್ಯಾಲೆ ಹಾಕಾಕೆ ನೋಡುದ್ನಲ್ಲ, ಅದುಕ್ಕೇ ನಂಗೆ ಹೊಟ್ಟೆ ಉರಿ."

ಹಾಗೆಂದು ನೀನು ನನ್ನ ಚೀಲಕ್ಕೆ ಒಂದು ಕಟ್ಟು ಎಲೆ ಜಾಸ್ತಿ ಹಾಕಿದೆ. ಅಲ್ಲೇ ಹೇಳಬೇಕಿತ್ತು. ಆ ಬುಟ್ಟಿಯೆದುರು ನೆಲದ ಮೇಲೆ ಕೂತು ಹೇಳಬೇಕಿತ್ತು. ನಾನು ಎಲೆ ತಗೊಂಡು ಬಂದೆ! ಆ ಕಟ್ಟು ದೇವರ ಮನೆಯ ಹೊರಗೆ ತಟ್ಟೆಯಲ್ಲೇ ಇದೆ. ಒಳಗಿಡಲು ಕೈ ಬರಲಿಲ್ಲ, ಎಸೆಯಲೂ ಬರಲಿಲ್ಲ. ಬಾಡಿ ಹಳದಿಯಾಗಿದೆ.

ನಿನ್ನೆ ಯಜಮಾನರಿಗೆ ಎಲ್ಲ ಹೇಳಿದೆ. "ಇಷ್ಟು ವರ್ಷ ಆದ್ಮೇಲೆ ಕೆದಕಿ ಏನು ಮಾಡ್ತೀಯ, ಬಿಟ್ಬುಡು" ಎಂದರು. ಬಿಡುವುದಿಲ್ಲ. ನಾಳೆ ಬೆಳಗಿನ ಬಸ್ಸಿಗೆ ನಿಮ್ಮೂರು ಕಡಕೊಳಕ್ಕೆ ಬರುತ್ತೇನೆ. ನಿನ್ನಪ್ಪನ ಸುತ್ತಿಗೆ, ಉಳಿ ನಮ್ಮ ಸೌದೆ ಕೋಣೆಯಲ್ಲಿದ್ದವು, ತೆಗೆದು ಒರೆಸಿ ಚೀಲದಲ್ಲಿಟ್ಟಿದ್ದೇನೆ. ಮೊದಲು ನಿನ್ನ ಬಾಗಿಲಲ್ಲಿ ಇದನ್ನು ಓದುತ್ತೇನೆ. ನೀನು ಬೈದರೆ ಬೈಸಿಕೊಳ್ಳುತ್ತೇನೆ, ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಕ್ಷಮಿಸು ಎಂದು ಕೇಳಲು ಬರುತ್ತಿಲ್ಲ. ಆಮೇಲೆ ನಿನ್ನಪ್ಪನ ಮನೆಗೆ ಹೋಗುತ್ತೇನೆ, ನೀನು ಜೊತೆಗೆ ಬಂದರೂ ಸರಿ, ಬರದಿದ್ದರೂ ಸರಿ. ಆತನ ಮುಂದೆ, ಬೀದಿಯವರೆಲ್ಲ ಕೇಳುವ ಹಾಗೆ, ಅಂದು ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತೇನೆ.

ಹೌದು. ಮಾದಯ್ಯ ನನಗೆ ಹೇಳಿಯೇ ಹೋಗಿದ್ದ.